ಗ್ಯಾಸ್ ಆಫ್ ಮಾಡಿದ್ದೀನಾ, ಇಲ್ವಾ?

ಪ್ರಶ್ನೆ: ಬೆಳಿಗ್ಗೆ ಮನೆಗೆ ಬೀಗ ಹಾಕಿ ಬಸ್ ಸ್ಟಾಪ್‌ಗೆ ಬರುವಷ್ಟರಲ್ಲಿ, ಗ್ಯಾಸ್ ಆಫ್ ಮಾಡಿದ್ದೀನಾ ಅನ್ನೋ ಅನುಮಾನ ಶುರುವಾಗುತ್ತದೆ. ಎಷ್ಟೋ ಸಲ ವಾಪಸ್ ಹೋಗಿ ನೋಡಿದ್ದೇನೆ, ಆಫ್ ಆಗಿಯೇ ಇರುತ್ತದೆ. ನನಗೆ ಮರೆವು ಜಾಸ್ತಿಯಾಗಿದೆಯಾ? ಧ್ಯಾನ ಮಾಡಿದರೆ ಸರಿಹೋಗುತ್ತಾ?

ಉತ್ತರ: ಆಫ್ ಆಗಿಯೇ ಇರುತ್ತದೆ ಎಂದು ನೀವೇ ಬರೆದಿದ್ದೀರಲ್ಲ, ಅಂದರೆ ಕೈ ತನ್ನ ಕೆಲಸ ಮಾಡಿ ಮುಗಿಸಿದೆ. ಆ ಹೊತ್ತಿಗೆ ತಲೆ ಮಾತ್ರ ಬಸ್ಸಿನ ಟೈಮಿನ ಮೇಲೋ ಊಟದ ಡಬ್ಬಿಯ ಮೇಲೋ ಇತ್ತು. ರೂಢಿಯಾದ ಕೆಲಸಕ್ಕೆ ಗಮನವೇ ಬೇಕಾಗುವುದಿಲ್ಲ. ಆದರೆ ಗಮನವಿಲ್ಲದೆ ಮಾಡಿದ್ದು ನೆನಪಲ್ಲಿ ಸರಿಯಾಗಿ ಕೂರುವುದೂ ಇಲ್ಲ. ನಿನ್ನೆ ಆಫ್ ಮಾಡಿದ್ದು, ಮೊನ್ನೆ ಮಾಡಿದ್ದು ಎಲ್ಲ ಒಂದೇ ಥರ. ಅದರಲ್ಲಿ ಇವತ್ತಿನದು ಯಾವುದು ಅಂತ ಹುಡುಕೋದು ಹೇಗೆ?

ವಾಪಸ್ ಹೋಗಿ ನೋಡಿದರೆ ಸಮಾಧಾನ ಆಗುತ್ತದೆ ಅನ್ನಿಸುತ್ತದೆ, ಅಲ್ವಾ? ನೆದರ್‌ಲ್ಯಾಂಡ್ಸ್‌ನ ಸಂಶೋಧಕರಾದ ವಾನ್ ಡೆನ್ ಹೌಟ್ ಮತ್ತು ಕಿಂಟ್ ಇದನ್ನೇ ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಜನರಿಂದ ಮತ್ತೆ ಮತ್ತೆ ಆಫ್ ಮಾಡಿಸಿ, ಚೆಕ್ ಮಾಡಿಸಿದರು. ಕೊನೆಯ ಸಲ ಯಾವ ಬರ್ನರ್ ನೋಡಿದೆವು ಎನ್ನುವುದು ಅವರಿಗೆ ಸರಿಯಾಗಿಯೇ ನೆನಪಿತ್ತು. ಆದರೆ ಆ ನೆನಪು ಮಸುಕಾಗಿತ್ತು, ಅದರ ಮೇಲಿನ ನಂಬಿಕೆಯೂ ಕುಸಿದಿತ್ತು. ಅಂದರೆ ಚೆಕ್ ಮಾಡಿದಷ್ಟೂ ಅನುಮಾನ ಜಾಸ್ತಿ.

ಹಾಗಾಗಿ ಎರಡನೇ ಸಲ ನೋಡುವುದನ್ನು ಬಿಟ್ಟು, ಮೊದಲನೇ ಸಲವೇ ಗಟ್ಟಿಯಾಗಿ ನೋಡಬೇಕು. ಇದನ್ನು ರೈಲಿನವರಿಂದ ಕಲಿಯಬಹುದು. ಜಪಾನಿನ ರೈಲು ಚಾಲಕರು ಸಿಗ್ನಲ್ ಕಡೆ ಬೆರಳು ತೋರಿಸಿ, ಅದು ಏನು ಹೇಳುತ್ತಿದೆ ಅಂತ ಬಾಯಿಬಿಟ್ಟು ಕೂಗುತ್ತಾರೆ. ನೋಡುವವರಿಗೆ ತಮಾಷೆ. ಆದರೆ ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ 1994ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಒಂದು ಸರಳ ಕೆಲಸದಲ್ಲಿ ಆಗುವ ತಪ್ಪುಗಳು ಇದರಿಂದ ಸುಮಾರು ಶೇ. 85ರಷ್ಟು ಕಡಿಮೆಯಾದವು. ನಮ್ಮ ರೈಲುಗಳಲ್ಲೂ ಲೋಕೋ ಪೈಲಟ್ ಮತ್ತು ಸಹಾಯಕ ಲೋಕೋ ಪೈಲಟ್ ಕೈ ಎತ್ತಿ ಸಿಗ್ನಲ್ ಹೇಳಿಕೊಳ್ಳುತ್ತಾರೆ. ಅವರಿಗೂ ದಿನಾ ಅದೇ ದಾರಿ, ಅದೇ ಕಂಬ. ಕಣ್ಣು ನೋಡಿದ್ದನ್ನು ಬೆರಳು, ಬಾಯಿ, ಕಿವಿ ಮೂರೂ ಸೇರಿ ಖಾತ್ರಿ ಮಾಡಿಕೊಳ್ಳುತ್ತವೆ.

ಮನೆಯಲ್ಲೂ ಹೀಗೇ ಮಾಡಿ. ರೆಗ್ಯುಲೇಟರ್ ತಿರುಗಿಸಿ, ಬೆರಳು ತೋರಿಸಿ, "ಮಂಗಳವಾರ, ಗ್ಯಾಸ್ ಆಫ್" ಅಂತ ಜೋರಾಗಿ ಹೇಳಿ. ವಾರದ ಹೆಸರು ಸುಮ್ನೆ ಅಲ್ಲ, ಇವತ್ತಿನದು ನಿನ್ನೆಯದರ ಜೊತೆ ಕಲಸಿಹೋಗದಿರಲಿ ಅಂತ. ಮನೆಯವರು ನಕ್ಕರೆ ನಗಲಿ ಬಿಡಿ. (ನಿಜವಾಗಿಯೂ ಗ್ಯಾಸ್ ವಾಸನೆ ಬಂದರೆ ಮಾತ್ರ ವಿಷಯ ಬೇರೆ. ಆಗ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.)

ಇದನ್ನು ಮಾಡುವುದೇ ಮರೆತರೆ? ಅದಕ್ಕೊಂದು ಕೊಂಡಿ ಬೇಕು. "ಇನ್ಮೇಲೆ ಹುಷಾರಾಗಿರ್ತೀನಿ" ಅನ್ನೋ ತೀರ್ಮಾನ ಎರಡು ದಿನ ಬಾಳುವುದೂ ಕಷ್ಟ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಜರ್ 1990ರ ದಶಕದಲ್ಲಿ ತೋರಿಸಿಕೊಟ್ಟಂತೆ, "ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ" ಅಂತ ಮೊದಲೇ ಗೊತ್ತುಮಾಡಿಕೊಂಡರೆ ಕೆಲಸ ನಡೆಯುವ ಸಾಧ್ಯತೆ ಹೆಚ್ಚು. ನಿಮಗಾದರೆ, "ಚಪ್ಪಲಿ ಹಾಕುವ ಮುಂಚೆ ರೆಗ್ಯುಲೇಟರ್ ನೋಡುತ್ತೇನೆ" ಅಂತಿರಲಿ. ಬೀಗದ ಕೈ, ಬಸ್ ಪಾಸ್ ರಾತ್ರಿಯೇ ಬಾಗಿಲ ಪಕ್ಕ ಸೇರಿದರೆ ಬೆಳಗಿನ ಗಡಿಬಿಡಿಯೂ ಅಷ್ಟು ಕಡಿಮೆ.

ಧ್ಯಾನ ಒಳ್ಳೆಯದೇ, ಇಷ್ಟವಿದ್ದರೆ ಮಾಡಿ. ಆದರೆ ಹೊರಡುವ ಹೊತ್ತಿನ ಆ ಮೂರು ಸೆಕೆಂಡನ್ನು ಅದಕ್ಕೆ ಒಪ್ಪಿಸಿ ಕೂರಬೇಡಿ. ದಿನವಿಡೀ ಎಲ್ಲದರ ಮೇಲೂ ಗಮನ ಇಡಲು ಯಾರಿಂದಲೂ ಆಗದು. ಗ್ಯಾಸ್, ಬೀಗ, ಇಸ್ತ್ರಿಪೆಟ್ಟಿಗೆ, ಸಾಕು.

ಇಷ್ಟಾದರೂ ಅನುಮಾನ ಬಿಡದೆ, ಚೆಕ್ ಮಾಡುವುದರಲ್ಲೇ ದಿನಕ್ಕೆ ಒಂದು ಗಂಟೆ ಹೋಗುತ್ತಿದ್ದರೆ, ಕೆಲಸಕ್ಕೆ ತಡವಾಗುತ್ತಿದ್ದರೆ, ಅದು ಗೀಳಿನ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.