ಹಳೇ ಕಾರಿಗೆ 18 ಪರ್ಸೆಂಟ್: ಕಟ್ಟೋದು ಯಾರು, ಯಾವುದರ ಮೇಲೆ?

2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಜಿಎಸ್‌ಟಿ ಮಂಡಳಿಯ 55ನೇ ಸಭೆ ನಡೆಯಿತು. ಹಳೇ ವಾಹನ ಮಾರಾಟದ ಮೇಲಿನ ತೆರಿಗೆಯನ್ನು 12ರಿಂದ 18 ಪರ್ಸೆಂಟ್‌ಗೆ ಏರಿಸಬೇಕು ಅಂತ ಅಲ್ಲಿ ತೀರ್ಮಾನವಾಯಿತು. ಅದರ ಬೆನ್ನಲ್ಲೇ ವಾಟ್ಸಾಪ್‌ನಲ್ಲಿ ಒಂದು ಲೆಕ್ಕ ಓಡಾಡತೊಡಗಿತು. 12 ಲಕ್ಷಕ್ಕೆ ಕೊಂಡ ಕಾರನ್ನು 9 ಲಕ್ಷಕ್ಕೆ ಮಾರಿದರೆ, ಆ 3 ಲಕ್ಷದ ನಷ್ಟದ ಮೇಲೂ 18 ಪರ್ಸೆಂಟ್ ಕಟ್ಟಬೇಕಂತೆ! ಕೇಳಿದವರಿಗೆಲ್ಲ ಸಿಟ್ಟು ಬಂತು. ಲೆಕ್ಕ ಮಾತ್ರ ಪೂರ್ತಿ ತಪ್ಪು. ಕಾರು ಮಾರಲು ಹೊರಟವರು ಈಗಲೂ ನನ್ನ ಹತ್ತಿರ ಮೊದಲು ಕೇಳೋದು ಇದನ್ನೇ.

ನೀವು ಸಂಬಳದ ಕೆಲಸದಲ್ಲಿದ್ದೀರಿ, ಜಿಎಸ್‌ಟಿ ನೋಂದಣಿ ಇಲ್ಲ ಅಂದುಕೊಳ್ಳಿ. ನಿಮ್ಮ ಕಾರನ್ನು ಪಕ್ಕದ ಮನೆಯವರಿಗೇ ಮಾರಿ, ಡೀಲರ್‌ಗೇ ಮಾರಿ, ನೀವು ಒಂದು ರೂಪಾಯಿ ಜಿಎಸ್‌ಟಿಯನ್ನೂ ಕಟ್ಟಬೇಕಿಲ್ಲ. ನಷ್ಟವಾದರೂ ಅಷ್ಟೇ, ಲಾಭವಾದರೂ ಅಷ್ಟೇ. ಈ ತೆರಿಗೆ ಇರುವುದು ನೋಂದಣಿ ಮಾಡಿಸಿಕೊಂಡು ವ್ಯಾಪಾರ ಮಾಡುವವರಿಗೆ. ಅದೂ ಕಾರಿನ ಬೆಲೆಯ ಮೇಲಲ್ಲ, ಮಾರ್ಜಿನ್ ಮೇಲೆ, ಅಂದರೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ.

ಲೆಕ್ಕ ಸುಲಭ. ಡೀಲರ್ ನಿಮ್ಮಿಂದ 4 ಲಕ್ಷಕ್ಕೆ ಕಾರು ತೆಗೆದುಕೊಂಡು 4.5 ಲಕ್ಷಕ್ಕೆ ಮಾರಿದ. ಮಾರ್ಜಿನ್ 50,000. ಮೊದಲು 12 ಪರ್ಸೆಂಟ್ ಅಂದರೆ 6,000 ಕಟ್ಟುತ್ತಿದ್ದ, ಈಗ 9,000. ಒಂದು ಗಾಡಿಗೆ 3,000 ರೂಪಾಯಿ ಜಾಸ್ತಿಯಾಯಿತು. ದೊಡ್ಡ ಗಾಡಿಗಳಿಗೆ, ಅಂದರೆ 4 ಮೀಟರ್‌ಗಿಂತ ಉದ್ದವಿದ್ದು 1,200 ಸಿಸಿ ಮೇಲಿನ ಪೆಟ್ರೋಲ್ ಕಾರು, 1,500 ಸಿಸಿ ಮೇಲಿನ ಡೀಸೆಲ್ ಕಾರು, ಎಸ್‌ಯುವಿ ಇಂಥವಕ್ಕೆ, ಮೊದಲೇ 18 ಇತ್ತು. ಏರಿಕೆ ಆಗಿದ್ದು ಸಣ್ಣ ಕಾರು, ಎಲೆಕ್ಟ್ರಿಕ್ ಗಾಡಿಗಳಿಗೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಕಾರಿಗೆ 18, 40 ಅಂತ ದರ ಬದಲಾಯಿತಲ್ಲ, ಅದು ಬೇರೆ ಕಥೆ. ಹಳೇ ಕಾರಿನ ಮಾರ್ಜಿನ್‌ಗೆ ಆ 40ನ್ನು ತಂದು ಅಂಟಿಸಬೇಡಿ.

ಡೀಲರ್‌ಗಳ ಗೋಳಾಟದಲ್ಲೂ ಸ್ವಲ್ಪ ನ್ಯಾಯವಿದೆ ಅನ್ನಿ. ನಿಯಮದ ಪ್ರಕಾರ ಮಾರ್ಜಿನ್ ಅಂದರೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದದ್ದು, ಅಷ್ಟೇ. ನಡುವೆ ಆತ ಎರಡು ಟೈರ್ ಹಾಕಿಸಿ, ಬಂಪರ್‌ಗೆ ಪೇಂಟ್ ಹೊಡೆಸಿ 20,000 ಖರ್ಚು ಮಾಡಿದ್ದರೂ ಅದನ್ನು ಮಾರ್ಜಿನ್‌ನಿಂದ ಕಳೆಯುವ ಹಾಗಿಲ್ಲ. ಕೈಗೆ ಉಳಿದದ್ದು 30,000, ತೆರಿಗೆ 50,000ದ ಮೇಲೆ. ಇನ್ನೊಂದು ಕಾರಿನಲ್ಲಿ 40,000 ಲಾಸ್ ಆಗಿದ್ದರೆ ಅದಕ್ಕೆ ತೆರಿಗೆ ಇಲ್ಲ ನಿಜ. ಆದರೆ ಆ ಲಾಸನ್ನು ಈ ಕಾರಿನ ಲಾಭಕ್ಕೆ ಹೊಂದಿಸಿಕೊಳ್ಳಲೂ ಆಗಲ್ಲ. ಆ ಗಾಡಿ ಲೆಕ್ಕ ಆ ಗಾಡಿಗೇ ಮುಗಿಯಿತು.

ನೋಂದಣಿ ಇರುವ ಕಂಟ್ರಾಕ್ಟರ್, ಅಂಗಡಿ ಮಾಲೀಕರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ವ್ಯವಹಾರದ ಹೆಸರಲ್ಲಿ ಕಾರು ಕೊಂಡು ಪ್ರತಿ ವರ್ಷ ಡಿಪ್ರಿಸಿಯೇಶನ್ (ಸವಕಳಿ) ತೋರಿಸಿದ್ದರೆ ಲೆಕ್ಕ ಬೇರೆ, ಕೊಂಡ ಬೆಲೆಯ ಬದಲು ಸವಕಳಿ ಕಳೆದು ಉಳಿದ ಬೆಲೆ ಹಿಡಿಯಬೇಕು. 12 ಲಕ್ಷದ ಕಾರು ಪುಸ್ತಕದಲ್ಲಿ 7 ಲಕ್ಷಕ್ಕೆ ಇಳಿದಿದೆ ಅಂದುಕೊಳ್ಳಿ. ಏಳೂವರೆಗೆ ಮಾರಿದರೆ ಮಾರ್ಜಿನ್ 50,000, ತೆರಿಗೆ 9,000. ಆರೂವರೆಗೆ ಮಾರಿದರೆ ಏನೂ ಇಲ್ಲ. "ಸಾರ್, ಕೊಂಡ ಬೆಲೆಗಿಂತ ನಾಲ್ಕೂವರೆ ಲಕ್ಷ ಕಡಿಮೆಗೆ ಮಾರಿದ್ದೀನಿ, ನನಗ್ಯಾಕೆ ತೆರಿಗೆ?" ಅಂತ ವಾದ ಮಾಡುವವರು ಇದ್ದೇ ಇರುತ್ತಾರೆ. ಡಿಪ್ರಿಸಿಯೇಶನ್ ತೋರಿಸಿ ವರ್ಷವರ್ಷ ಆದಾಯ ತೆರಿಗೆ ಉಳಿಸಿಕೊಂಡಿದ್ದು ಅವರಿಗೆ ನೆನಪಿರಲ್ಲ.

ಈಗ ಕೊಳ್ಳುವವರ ವಿಷಯಕ್ಕೆ ಬರೋಣ. ಹಣ ಸೋರುವುದು ಇಲ್ಲೇ. ಡೀಲರ್ ಕೊಟ್ಟ ಕೊಟೇಶನ್ ಒಂದನ್ನು ತೋರಿಸಲು ಒಬ್ಬರು ಬಂದಿದ್ದರು. ಕಾರಿನ ಬೆಲೆ 4,50,000. ಅದರ ಕೆಳಗೆ ಜಿಎಸ್‌ಟಿ 18 ಪರ್ಸೆಂಟ್, 81,000. ಅದರ ಕೆಳಗೆ ಆರ್‌ಸಿ ಟ್ರಾನ್ಸ್‌ಫರ್, ಡಾಕ್ಯುಮೆಂಟೇಶನ್, ಹ್ಯಾಂಡ್ಲಿಂಗ್ ಅಂತ ಇನ್ನೂ ಮೂರು ಸಾಲು. ಪೆನ್ನು ತೆಗೆದು ಎರಡನೇ ಸಾಲಿಗೆ ಸುತ್ತು ಹಾಕಿ, "ಈ ಗಾಡಿಯನ್ನು ಯಾರಿಂದ ಕೊಂಡಿದ್ದು ಅಂತ ಕೇಳಿ" ಅಂದೆ. ಮಾಮೂಲಿ ಗಿರಾಕಿಯಿಂದ ಕೊಂಡಿದ್ದರೆ ತೆರಿಗೆ ಮಾರ್ಜಿನ್‌ಗೆ ಮಾತ್ರ. ಡೀಲರ್ ಆ ಕಾರಿನ ಖರೀದಿಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ, ಅಂದರೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡಿದ್ದರೆ, ಉದಾಹರಣೆಗೆ ಶೋರೂಮಿನ ಡೆಮೊ ಕಾರು, ಆಗ ಮಾತ್ರ ಮಾರ್ಜಿನ್ ಲೆಕ್ಕ ಬರಲ್ಲ, ಪೂರ್ತಿ ಬೆಲೆಯ ಮೇಲೆ ತೆರಿಗೆ ಬೀಳುತ್ತದೆ.

ಹಾಗಂತ ತಾನು ಎಷ್ಟಕ್ಕೆ ಕೊಂಡೆ ಅಂತ ಯಾವ ಡೀಲರ್ ಬಾಯಿ ಬಿಡ್ತಾನೆ? ಅದಕ್ಕೇ ನಾನು ಹೇಳುವುದು, ತೆರಿಗೆ ಬೇರೆ, ಬೆಲೆ ಬೇರೆ ಅಂತ ಚೌಕಾಸಿಗೆ ಕೂರಬೇಡಿ. "ಎಲ್ಲಾ ಸೇರಿ ನನ್ನ ಹೆಸರಿಗೆ ಆರ್‌ಸಿ ಬರೋದಕ್ಕೆ ಎಷ್ಟು?" ಅಂತ ಒಂದೇ ಮಾತು ಕೇಳಿ, ಅದನ್ನು ಬರವಣಿಗೆಯಲ್ಲಿ ಪಡೆಯಿರಿ. ಕಾರಿನ ಮಾಲೀಕತ್ವ ವರ್ಗಾವಣೆಗೆ ಕೇಂದ್ರದ ನಿಯಮದಲ್ಲಿರುವ ಶುಲ್ಕ 300 ರೂಪಾಯಿ. ಕಾರ್ಡ್, ಸಾಲದ ನಮೂದು ಇತ್ಯಾದಿ ಇದ್ದರೆ ಅದರ ಮೇಲೆ ಇಷ್ಟು ಅಂತ ಸೇರುತ್ತದೆ. ಸಾವಿರಗಟ್ಟಲೆ ಬರೆದಿದ್ದರೆ ಉಳಿದದ್ದು ಓಡಾಟದ ಕೂಲಿ. ಕೂಲಿ ತಪ್ಪಲ್ಲ. ಅದಕ್ಕೆ ಸರ್ಕಾರಿ ಫೀ ಅಂತ ಹೆಸರಿಡುವುದು ತಪ್ಪು. 10 ಲಕ್ಷ ದಾಟಿದ ಗಾಡಿಗೆ ಬರುವ 1 ಪರ್ಸೆಂಟ್ ಟಿಸಿಎಸ್, ಅಂದರೆ ಮಾರುವವರೇ ನಿಮ್ಮಿಂದ ಮುಂಚಿತವಾಗಿ ವಸೂಲು ಮಾಡುವ ಆದಾಯ ತೆರಿಗೆ, ಮಾತ್ರ ಬೇರೆ ಥರದ್ದು. ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಬೇಕು, ರಿಟರ್ನ್ ಹಾಕುವಾಗ ನಿಮಗೇ ಸಿಗಬೇಕು.

ಕೆಲವು ಡೀಲರ್‌ಗಳು ಕಾರು ಕೊಳ್ಳುವುದೇ ಇಲ್ಲ. ಪಾರ್ಕ್ ಅಂಡ್ ಸೇಲ್ ಅಂತ ಗಾಡಿ ನಿಲ್ಲಿಸಿಕೊಂಡು ಎರಡೂ ಕಡೆ ಕಮಿಷನ್ ಪಡೆಯುತ್ತಾರೆ. ಆಗ ಮಾರ್ಜಿನ್ ಮಾತೇ ಬರಲ್ಲ, ತೆರಿಗೆ ಕಮಿಷನ್ ಮೇಲೆ. ಇಂಥ ಕಡೆ ಗಾಡಿ ಬಿಟ್ಟು ಬರುವವರ ಬಗ್ಗೆ ನನಗೆ ತೆರಿಗೆಗಿಂತ ಬೇರೆಯದೇ ಚಿಂತೆ. ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸುಮ್ನೆ ಸಹಿ ಹಾಕಿ ಕೊಟ್ಟು ಬಂದುಬಿಡುತ್ತಾರೆ. ಗಾಡಿ ಎರಡು ಮೂರು ಕೈ ದಾಟಿರುತ್ತದೆ, ದಾಖಲೆಯಲ್ಲಿ ಹೆಸರು ಅವರದೇ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ಇದನ್ನೇ: ಗಾಡಿ ಹಲವು ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಹೊಣೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕನದು.

ಇದಕ್ಕೊಂದು ದಾರಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೇ ವಾಹನದ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕೃತ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ಶುಲ್ಕ 25,000, ಅವಧಿ ಐದು ವರ್ಷ. ಅಂಥ ಡೀಲರ್‌ಗೆ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ಆನ್‌ಲೈನ್‌ನಲ್ಲಿ ತಿಳಿಸಿದರೆ, ಅಲ್ಲಿಂದ ಮುಂದೆ ಕಾನೂನಿನ ಕಣ್ಣಿಗೆ ಆತನೇ ಮಾಲೀಕ. ಟ್ರಯಲ್, ರಿಪೇರಿ, ತಪಾಸಣೆ ಇಂಥ ಕೆಲಸ ಬಿಟ್ಟು ಆತ ಗಾಡಿಯನ್ನು ರಸ್ತೆಗಿಳಿಸುವ ಹಾಗಿಲ್ಲ, ಇಳಿಸಿದ್ದಕ್ಕೆಲ್ಲ ಟ್ರಿಪ್ ರಿಜಿಸ್ಟರ್ ಇಡಬೇಕು. ಕಾರು ಮಾರುವವರು ಬೆಲೆ ಮಾತಾಡುವ ಮೊದಲು ಆ ಪ್ರಮಾಣಪತ್ರ, ಅಂದರೆ ಫಾರಂ 29ಬಿ, ತೋರಿಸಿ ಅಂತ ಕೇಳಿ. ಇಲ್ಲ ಅಂದರೆ ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ, ಕೊಂಡವರ ಹೆಸರು ತುಂಬದ ಫಾರಂಗೆ ಸಹಿ ಹಾಕಬೇಡಿ.