ಕಪ್ಪು ಕಾರಿನ ಮೇಲೆ ಜೇಡರ ಬಲೆ: ಯಾವ ಪಾಲಿಶ್ ಹಾಕಲಿ?

ಪ್ರಶ್ನೆ: ಸರ್, ಕಪ್ಪು ಕಾರು ತಗೊಂಡು ಎಂಟು ತಿಂಗಳಾಯಿತು. ದಿನಾ ಬೆಳಗ್ಗೆ ಕ್ಲೀನರ್ ಬಂದು ಒರೆಸುತ್ತಾನೆ. ಆದರೂ ಬಿಸಿಲಲ್ಲಿ ನೋಡಿದರೆ ಬಾನೆಟ್ ಮೇಲೆ ಜೇಡರ ಬಲೆ ತರಹ ಸುತ್ತು ಸುತ್ತು ಗೆರೆಗಳು. ಯಾವ ಪಾಲಿಶ್ ಹಾಕಬೇಕು?

ಉತ್ತರ: ತಿಂಗಳಿಗೆ ನಾಲ್ಕು ಸಲವಾದರೂ ಈ ಪ್ರಶ್ನೆ ಬರುತ್ತದೆ, ಎಲ್ಲದರಲ್ಲೂ ಅದೇ 'ಆದರೂ' ಇರುತ್ತದೆ. ದಯವಿಟ್ಟು ಅದನ್ನು ಹೊಡೆದುಹಾಕಿ 'ಅದಕ್ಕೇ' ಅಂತ ಬರೆದುಕೊಳ್ಳಿ. ದಿನಾ ಒರೆಸುತ್ತಾನೆ, ಅದಕ್ಕೇ ಗೆರೆ ಬಿದ್ದಿವೆ.

ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬೆಳಗ್ಗೆ ಆರಕ್ಕೆ ಏನು ನಡೆಯುತ್ತದೆ ಅಂತ ನಿಮಗೂ ಗೊತ್ತು. ಒಂದು ಬಕೆಟ್, ಒಂದು ಬಟ್ಟೆ, ಇಪ್ಪತ್ತು ಕಾರು. ನಿಮ್ಮದು ಹದಿನಾಲ್ಕನೆಯದು ಅಂತಿಟ್ಟುಕೊಳ್ಳಿ, ಅಷ್ಟೊತ್ತಿಗೆ ಬಕೆಟ್ ನೀರು ಟೀ ಬಣ್ಣಕ್ಕೆ ತಿರುಗಿರುತ್ತದೆ, ಹಿಂದಿನ ಹದಿಮೂರು ಕಾರಿನ ಧೂಳು, ಚಕ್ರದ ಕೊಳೆ ಎಲ್ಲ ಅದರಲ್ಲೇ. ತಿಂಗಳಿಗೆ 26 ದಿನ ಅಂತ ಹಿಡಿದರೂ ಎಂಟು ತಿಂಗಳಿಗೆ 208 ಸಲ ಉಜ್ಜಿದ ಹಾಗಾಯಿತು.

ಇಷ್ಟು ಹೇಳಿದ ಕೂಡಲೇ, 'ನಾನೇ ಮೈಕ್ರೋಫೈಬರ್ ಕೊಡಿಸಿದ್ದೀನಿ ಸರ್, ಬೆಣ್ಣೆ ಥರ ಮೆತ್ತಗಿದೆ' ಅನ್ನುತ್ತಾರೆ. ಇರಲಿ. ಗೆರೆ ಹಾಕುವುದು ಬಟ್ಟೆ ಅಲ್ಲ, ಬಟ್ಟೆಗೂ ಪೇಂಟಿಗೂ ನಡುವೆ ಸಿಕ್ಕಿಕೊಂಡ ಧೂಳು. ರಸ್ತೆ ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ, ಅವು ಗಾಜನ್ನೂ ಗೀಚುವಷ್ಟು ಗಟ್ಟಿ. ನಿಮ್ಮ ಕಾರಿನ ಮೇಲಿರುವುದು ಗಾಜೂ ಅಲ್ಲ. ಕಪ್ಪು ಪೇಂಟಿನ ಮೇಲೆ ಕ್ಲಿಯರ್ ಕೋಟ್ ಅಂತ ಬಣ್ಣವಿಲ್ಲದ ಪದರ ಇರುತ್ತದೆ, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ತೆಳು.

'ಒಣಬಟ್ಟೆ ಅಲ್ಲ ಸರ್, ಒದ್ದೆ ಬಟ್ಟೆ.' ಇದನ್ನು ಕೇಳಿ ಕೇಳಿ ಸಾಕಾಗಿದೆ. ಒದ್ದೆ ಬಟ್ಟೆ ಧೂಳನ್ನು ತೊಳೆಯುವುದಿಲ್ಲ, ಹಿಡಿದುಕೊಂಡು ಬಾನೆಟ್ ಪೂರ್ತಿ ಎಳೆದಾಡುತ್ತದೆ. ಗ್ಯಾರೇಜಿನಲ್ಲಿ ಪೇಂಟರ್‌ಗಳು ಎಮರಿ ಪೇಪರನ್ನು ನೀರಲ್ಲಿ ಅದ್ದಿಯೇ ಉಜ್ಜುವುದನ್ನು ನೋಡಿದ್ದೀರಿ ಅಲ್ವಾ? ಒದ್ದೆ ಆಯಿತು ಅಂತ ಅದು ಸವೆಸೋದನ್ನು ಬಿಡುತ್ತದಾ?

ಒಬ್ಬರು ಮಾತ್ರ ಜಾಣ ಪ್ರಶ್ನೆ ಕೇಳಿದ್ದರು: ನೇರವಾಗಿ ಒರೆಸಿದರೂ ಗೆರೆ ಸುತ್ತಾಗಿ ಯಾಕಿವೆ? ಸುತ್ತಾಗಿ ಇಲ್ಲವೇ ಇಲ್ಲ. ಅಡುಗೆಮನೆಯಿಂದ ಹಳೇ ಸ್ಟೀಲ್ ತಟ್ಟೆ ತಂದು ಬಲ್ಬಿನ ಕೆಳಗೆ ಹಿಡಿಯಿರಿ. ಬಲ್ಬಿನ ಬಿಂಬದ ಸುತ್ತ ಬಳೆ ಬಳೆಯಾಗಿ ಗೆರೆ ಕಾಣುತ್ತವೆ. ತಟ್ಟೆ ಓರೆ ಮಾಡಿ, ಬಿಂಬ ಹೋದಲ್ಲಿಗೆ ಬಳೆಗಳೂ ಹೋಗುತ್ತವೆ. ಗೆರೆಗಳು ಎಲ್ಲ ದಿಕ್ಕಿಗೂ ಇವೆ, ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಹೊಳೆದು ಬಲೆಯ ಹಾಗೆ ಕಾಣುತ್ತವೆ. ಪಕ್ಕದ ಮನೆಯ ಬಿಳಿ ಕಾರನ್ನೂ ಇದೇ ಬಟ್ಟೆಯಲ್ಲಿ ಒರೆಸುತ್ತಿದ್ದರೆ ಅದರ ಮೇಲೂ ಗೆರೆ ಇವೆ, ಬಿಳಿ ಮೇಲೆ ಕಾಣಲ್ಲ ಅಷ್ಟೇ.

ಪಾಪ, ಆ ಹುಡುಗನನ್ನು ಬೈಯಬೇಡಿ. ಒಂದು ದಿನ ಒರೆಸದಿದ್ದರೆ ಬೈಯುವವರೂ ನಾವೇ. ನನ್ನ ಮೊದಲ ಕಪ್ಪು ಕಾರನ್ನು ನಾನೇ ಹಳೇ ಬನಿಯನ್ನಿನಲ್ಲಿ ಶ್ರದ್ಧೆಯಿಂದ ಉಜ್ಜಿ ಉಜ್ಜಿ ಹಾಳು ಮಾಡಿದ್ದೆ. ದಿನಾ ಗಾಜು, ಚಕ್ರ ಮಾತ್ರ ಸಾಕು ಅಂತ ಅವನಿಗೆ ಹೇಳಿ. ವಾರಕ್ಕೊಮ್ಮೆ ನೆರಳಲ್ಲಿ ನಿಲ್ಲಿಸಿ ತೊಳೆಯಿರಿ. ಕೈ ಹಚ್ಚುವ ಮೊದಲು ಬರೀ ನೀರು ಬಿಟ್ಟು ಧೂಳು ಇಳಿಸಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶ್ಯಾಂಪೂ, ಇನ್ನೊಂದು ಬಟ್ಟೆ ಜಾಲಾಡಿಸಿಕೊಳ್ಳಲು. ಮೇಲಿನಿಂದ ಕೆಳಗೆ ಬನ್ನಿ, ಬಾಗಿಲಿನ ಕೆಳಭಾಗ ಕೊನೆಗೆ. ಚಕ್ರಕ್ಕೆ ಬೇರೆ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯುವ ತನಕ ಪೇಂಟಿಗೆ ಮುಟ್ಟಿಸಬೇಡಿ, ಕೊಡವಿದರೆ ಹೋಗಲ್ಲ.

ಇನ್ನು ನೀವು ಕೇಳಿದ ಪಾಲಿಶ್. ಕೈಯಲ್ಲಿ ಹಚ್ಚುವ ವ್ಯಾಕ್ಸ್ ಗೆರೆಯನ್ನು ತುಂಬಿ ಮುಚ್ಚುತ್ತದೆ, ಕೆಲವು ವಾಶ್ ಆದ ಮೇಲೆ ಬಲೆ ಮತ್ತೆ ಹಾಜರ್. ನಿಜಕ್ಕೂ ಹೋಗಬೇಕಾದರೆ ಮೆಷಿನ್ ಪಾಲಿಶ್ ಆಗಬೇಕು, ಅಂದರೆ ಕ್ಲಿಯರ್ ಕೋಟನ್ನೇ ಒಂದೆರಡು ಮೈಕ್ರಾನ್ ಸವೆಸಿ ಮಟ್ಟ ಮಾಡುವುದು. ಇರುವುದೇ ಅಷ್ಟು ತೆಳು ಪದರ, ಹಾಗಾಗಿ ವರ್ಷ ವರ್ಷ ಮಾಡಿಸುವ ಕೆಲಸ ಅಲ್ಲ. ಮೊದಲು ದಪ್ಪ ಅಳೆದು, ಅಂಗೈ ಅಗಲ ಜಾಗದಲ್ಲಿ ಮಾಡಿ ತೋರಿಸಿ ಅನ್ನಿ. ಉಗುರಿಗೆ ಸಿಗುವಷ್ಟು ಆಳದ ಗೆರೆಯನ್ನು ಬಿಟ್ಟುಬಿಡಿ. ಪೇಂಟಿನ ಮೇಲೆ ರಕ್ಷಣೆಗೆ ಅಂತ ಹಚ್ಚುವ ಸೆರಾಮಿಕ್ ಕೋಟಿಂಗ್‌ನವರು '9ಎಚ್ ಗಟ್ಟಿ' ಅನ್ನುತ್ತಾರಲ್ಲ, ಆ 9ಎಚ್ ಅನ್ನೋದು ಪೆನ್ಸಿಲ್‌ನಿಂದ ಗೀರಿ ನೋಡುವ ಪರೀಕ್ಷೆಯ ಲೆಕ್ಕ. ನಮ್ಮ ರಸ್ತೆಯಲ್ಲಿ ಹಾರುವುದು ಪೆನ್ಸಿಲ್ ಅಲ್ಲ.

ಯಾರೂ ಕೇಳದಿದ್ದರೂ ಆಯುಧಪೂಜೆ ವಿಷಯ ಹೇಳಿಬಿಡುತ್ತೇನೆ. ಬಾನೆಟ್ ಮೇಲೆ ಅರಿಶಿನ, ಕುಂಕುಮ, ವಿಭೂತಿ ಬಳಿದು, ಒಣಗಿದ ಮೇಲೆ ಮರುದಿನ ಒಣಬಟ್ಟೆಯಲ್ಲಿ ಗಸಗಸ ಉಜ್ಜುತ್ತಾರಲ್ಲ, ವರ್ಷದ ಗೆರೆಯೆಲ್ಲ ಆ ಐದು ನಿಮಿಷದಲ್ಲಿ ಬೀಳಬಹುದು. ನೀರು ಹಾಕಿ ನೆನೆಯಲು ಬಿಡಿ, ತಾನೇ ಬಿಡುತ್ತದೆ. ಬಂಪರ್‌ಗೆ ಕಟ್ಟಿದ ಬಾಳೆಕಂದು ಗಾಳಿಗೆ ಅಲ್ಲಾಡಿ ಊರೆಲ್ಲ ಸುತ್ತುವ ತನಕ ಪೇಂಟನ್ನು ತಿಕ್ಕುತ್ತಲೇ ಇರುತ್ತದೆ, ಒಂದು ಸುತ್ತು ಹೋಗಿ ಬಂದು ಬಿಚ್ಚಿಬಿಡಿ. ನಮ್ಮ ಮನೆಯಲ್ಲಿ ಈಗ ಅರಿಶಿನ ಕುಂಕುಮ ಮುಂದಿನ ಗಾಜಿಗೆ, ನಂಬರ್ ಪ್ಲೇಟಿಗೆ ಮಾತ್ರ. ಅಮ್ಮನನ್ನು ಒಪ್ಪಿಸಲು ಎರಡು ದಸರಾ ಬೇಕಾಯಿತು.