ಕ್ಯಾಟ್‌ಫಿಶಿಂಗ್ ಅಂದರೆ ದುಡ್ಡು ಹೊಡೆಯೋದಲ್ಲ

ಆನ್‌ಲೈನ್ ಪ್ರೀತಿಯಲ್ಲಿ ಯಾರಾದರೂ ದುಡ್ಡು ಕಳೆದುಕೊಂಡರೆ ಸಾಕು, ಅದಕ್ಕೆ ‘ಕ್ಯಾಟ್‌ಫಿಶಿಂಗ್’ ಅಂತ ಹೆಸರಿಟ್ಟುಬಿಡುತ್ತಾರೆ. ಅದು ‘ಫಿಶಿಂಗ್’ನ ಇನ್ನೊಂದು ಬಗೆ ಅನ್ನೋರೂ ಇದ್ದಾರೆ. ಎರಡೂ ತಪ್ಪು. (ಪಾಸ್‌ವರ್ಡ್ ಕದಿಯುವ ಫಿಶಿಂಗ್‌ಗೆ ಇಂಗ್ಲಿಷಿನಲ್ಲಿ ಸ್ಪೆಲಿಂಗೇ ಬೇರೆ. ಕನ್ನಡದಲ್ಲಿ ಬರೆದಾಗ ಒಂದೇ ಥರ ಕಾಣುತ್ತದೆ, ಅಷ್ಟೆ.)

ಕ್ಯಾಟ್‌ಫಿಶಿಂಗ್ ಅಂದರೆ ಸುಳ್ಳು ಗುರುತಿನಲ್ಲಿ ಸಂಬಂಧ ಬೆಳೆಸುವುದು. ಅಲ್ಲಿ ದುಡ್ಡಿನ ಮಾತು ಬರಲೇಬೇಕೆಂದಿಲ್ಲ. ಒಂಟಿತನಕ್ಕೆ ಮಾಡುವವರಿದ್ದಾರೆ, ಸೇಡಿಗೆ ಮಾಡುವವರಿದ್ದಾರೆ, ಸುಮ್ನೆ ಕೀಟಲೆಗೂ ಮಾಡುತ್ತಾರೆ.

ಪದ ಬಂದದ್ದು 2010ರ ‘ಕ್ಯಾಟ್‌ಫಿಶ್’ ಎಂಬ ಅಮೆರಿಕದ ಸಾಕ್ಷ್ಯಚಿತ್ರದಿಂದ. ಫೇಸ್‌ಬುಕ್‌ನಲ್ಲಿ ಪರಿಚಯವಾದ ಹುಡುಗಿಯನ್ನು ಹುಡುಕಿಕೊಂಡು ಹೋದ ಯುವಕನಿಗೆ ಸಿಗುವುದು ನಡುವಯಸ್ಸಿನ ಗೃಹಿಣಿ. ಆಕೆಯ ಗಂಡ ಒಂದು ಕಥೆ ಹೇಳುತ್ತಾನೆ, ಚಿತ್ರದ ಹೆಸರು ಬಂದದ್ದು ಅದರಿಂದಲೇ. ‘ಕಾಡ್’ ಎಂಬ ಸಮುದ್ರದ ಮೀನನ್ನು ಜೀವಂತ ಸಾಗಿಸುವಾಗ ತೊಟ್ಟಿಯಲ್ಲಿ ಜಡವಾಗಿ ಬಿದ್ದು ಮಾಂಸ ಮೆತ್ತಗಾಗುತ್ತಿತ್ತಂತೆ. ಜೊತೆಗೆ ಕ್ಯಾಟ್‌ಫಿಶ್ ಎಂಬ ಬೇರೆ ಜಾತಿಯ ಮೀನು ಬಿಟ್ಟರೆ ಅವು ಕಾಡ್‌ಗಳನ್ನು ಬೆನ್ನಟ್ಟಿ ಚುರುಕಾಗಿಡುತ್ತಿದ್ದವಂತೆ. ಬದುಕಿನಲ್ಲೂ ಅಂಥ ಜನ ಇರಬೇಕು ಅನ್ನುತ್ತಾನೆ. ಅಂದರೆ ಅವನು ಕ್ಯಾಟ್‌ಫಿಶ್‌ನಂಥವರನ್ನು ಹೊಗಳಿದ್ದು! ಕಥೆಯೂ ಅವನದಲ್ಲ, 1913ರ ಇಂಗ್ಲಿಷ್ ಬರಹಗಳಲ್ಲೇ ಇದೆ. 2012ರಲ್ಲಿ ಇದೇ ಹೆಸರಿನ ಟಿವಿ ಸರಣಿ ಬಂತು. 2014ರಲ್ಲಿ ಈ ಹೊಸ ಅರ್ಥ ಮೆರಿಯಮ್-ವೆಬ್‌ಸ್ಟರ್ ನಿಘಂಟು ಸೇರಿತು.

ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂದರೆ, ಎಲ್ಲವನ್ನೂ ಕ್ಯಾಟ್‌ಫಿಶಿಂಗ್ ಅಂದುಕೊಂಡವರು ಮುಖವನ್ನಷ್ಟೇ ಪರೀಕ್ಷೆ ಮಾಡುತ್ತಾರೆ. ಫೋಟೊ ಕದ್ದದ್ದಲ್ಲ, ವಿಡಿಯೊ ಕಾಲ್‌ಗೂ ಬಂದರು, ಇನ್ನೇನು ಭಯ ಅಂತ. ಆದರೆ ಪ್ರೀತಿಯ ನಾಟಕವಾಡಿ ದುಡ್ಡು ಹೊಡೆಯುವ ‘ರೊಮ್ಯಾನ್ಸ್ ಸ್ಕ್ಯಾಮ್’ನಲ್ಲಿ ಮುಖ ಅಸಲಿಯೇ ಇರಬಹುದು. ವಿಡಿಯೊ ಕಾಲ್‌ಗೆ ಅಂತಲೇ ಜನರನ್ನು ಇಟ್ಟುಕೊಂಡ ಗ್ಯಾಂಗುಗಳಿವೆ. ಕಂಪ್ಯೂಟರಿನಲ್ಲಿ ನಕಲಿ ಮುಖ ಸೃಷ್ಟಿಸುವ ಡೀಪ್‌ಫೇಕ್ ಬೇರೆ ಇದೆ. ನೋಡಬೇಕಾದ್ದು ಮಾತು ದುಡ್ಡಿನ ಕಡೆ ಹೇಗೆ ತಿರುಗುತ್ತದೆ ಅನ್ನೋದನ್ನ.

ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದ ಉಡುಗೊರೆ, ಆಸ್ಪತ್ರೆ ಬಿಲ್ಲು, ಗಿಫ್ಟ್ ಕಾರ್ಡ್ ನಂಬರ್ ಕೇಳೋದು: ಇವು ಹಳೇ ದಾರಿಗಳು. ಈಗ ಎಷ್ಟೋ ಜನ ದುಡ್ಡು ಕೇಳೋದೇ ಇಲ್ಲ. “ನನಗೇನೂ ಬೇಡ, ನೀನೇ ಸ್ವಲ್ಪ ಹಾಕಿ ನೋಡು, ಹೇಳಿಕೊಡ್ತೀನಿ” ಅಂತ ಟ್ರೇಡಿಂಗ್ ಆ್ಯಪ್ ಲಿಂಕ್ ಕಳಿಸುತ್ತಾರೆ. ಆ್ಯಪ್ ಅವರದೇ. ಲಾಭ ಏರುತ್ತಾ ಹೋಗುತ್ತದೆ. ನಂಬಿಕೆ ಬರಲಿ ಅಂತ ಒಮ್ಮೆ ಚಿಕ್ಕ ಮೊತ್ತ ವಾಪಸ್ಸೂ ಕೊಡುತ್ತಾರೆ. ದೊಡ್ಡದು ತೆಗೆಯಲು ಹೋದಾಗ ಮಾತ್ರ “ಮೊದಲು ತೆರಿಗೆ ಕಟ್ಟಿ” ಅನ್ನುತ್ತದೆ. ಖಾತೆಯಲ್ಲೇ ಅಷ್ಟು ದುಡ್ಡಿದ್ದರೆ ಅದರಲ್ಲೇ ಹಿಡಿದುಕೊಳ್ಳಬಹುದಲ್ವಾ?

ಇದಕ್ಕೆ ಚೀನಾದ ವಂಚಕರು ಇಟ್ಟ ಹೆಸರನ್ನೇ ಇಂಗ್ಲಿಷಿನಲ್ಲಿ ‘ಪಿಗ್ ಬುಚರಿಂಗ್’ ಅಂದರು: ಹಂದಿಯನ್ನು ಕೊಬ್ಬಿಸಿ ಕಡಿಯೋದು. ಮೋಸ ಹೋದವರನ್ನು ಹಂದಿ ಅಂದರೆ ಅವರು ದೂರು ಕೊಡಲೂ ನಾಚುತ್ತಾರೆ. 2024ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆ ಇಂಟರ್‌ಪೋಲ್ ಈ ಮಾತು ಬಿಡಿ, ‘ರೊಮ್ಯಾನ್ಸ್ ಬೇಟಿಂಗ್’ (ಪ್ರೀತಿಯ ಗಾಳ ಹಾಕೋದು) ಅನ್ನಿ ಎಂದು ಕೇಳಿಕೊಂಡಿತು. ನನ್ನ ಓಟೂ ಅದಕ್ಕೇ.

ದುಡ್ಡು ಹೋಗಿದ್ದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ, ಆಮೇಲೆ ಪೊಲೀಸರಿಗೆ. ಚಾಟ್ ಅಳಿಸಬೇಡಿ. “ಫೀಸು ಕೊಟ್ಟರೆ ಹೋದ ದುಡ್ಡು ವಾಪಸ್ ಕೊಡಿಸ್ತೀವಿ” ಅಂತ ತಾವಾಗಿ ಮೆಸೇಜ್ ಮಾಡುವವರು ‘ರಿಕವರಿ ಸ್ಕ್ಯಾಮ್’ನವರು. ಎಷ್ಟೋ ಸಲ ಅದೇ ಗ್ಯಾಂಗೇ ಹೊಸ ಹೆಸರಲ್ಲಿ ಬಂದಿರುತ್ತದೆ.